ಜೆಟ್ಟಿಗೆ ಹೋದ ಕೆಂಪು ಕೋಲು

ಆ ರಸ್ತೆಯನ್ನು ನೋಡುವುದಕ್ಕೆಂದೇ ಜನ ದೂರದಿಂದ ಬರುತ್ತಿದ್ದರು. ದ್ವೀಪದ ಮೂಡಣ ದಂಡೆಯ ಪೇಟೆಯಿಂದ ಹೊರಟು, ಗುಡ್ಡ ಹತ್ತಿ, ಗುಡ್ಡದ ಸೊಂಟಕ್ಕೆ ಉಡಿದಾರ ಕಟ್ಟಿದ ಹಾಗೆ ಸುತ್ತಿ, ಮೆಲ್ಲಗೆ ಇಳಿದು ಪಡುವಣ ದಂಡೆಯ ಜೆಟ್ಟಿಯಲ್ಲಿ ಅದು ಮುಗಿಯುತ್ತಿತ್ತು. ಅಲ್ಲಿಂದ ಮುಂದೆ ನೀರು. ನೀರು ದಾಟಿಸಲು ಫೆರಿ. ತಿರುವಿಗೊಂದು ಬಣ್ಣ ತೋರಿಸುವ ಕಡಲನ್ನು ಕಂಡು ಕಾರಿನವರೆಲ್ಲ ಬಾಯಿ ಬಿಡುತ್ತಿದ್ದರು. ಬಾವುಟದಕ್ಕ ದಿನವೆಲ್ಲ ಆ ಬಿಟ್ಟ ಬಾಯಿಗಳನ್ನು ನೋಡುತ್ತಿದ್ದಳು. ಅವಳ ಬೆನ್ನಿಗೆ ಕಡಲು, ಕಣ್ಣಿಗೆ ಗಾಡಿಗಳ ಸಾಲು. ಸಾಲಿನಲ್ಲಿ ಕೊನೆಯ ಗಾಡಿ ಯಾವುದು ಎನ್ನುವುದಷ್ಟೇ ಅವಳಿಗೆ ಮುಖ್ಯ.

ಹಿಂದಿನ ಮಳೆಗಾಲದಲ್ಲಿ ರಸ್ತೆಯ ಒಂದು ತುಂಡು ಅರ್ಧಕ್ಕರ್ಧ ಕುಸಿದು ಕಡಲಿಗೆ ಬಿದ್ದಿತ್ತು. ಉಳಿದ ಅರ್ಧದಲ್ಲಿ ಒಮ್ಮೆಗೆ ಒಂದೇ ಕಡೆಯ ಗಾಡಿಗಳು ಹೋಗಬಹುದು. ಪೇಟೆ ಕಡೆಯ ತುದಿಗೆ ಕೆಂಪು, ಹಸಿರು ಬಾವುಟ ಹಿಡಿದು ಅವಳು. ಜೆಟ್ಟಿ ಕಡೆಯ ತುದಿಗೆ ಮೀಸೆಮಾಮ. ನಡುವೆ ಗುಡ್ಡ ಮೂಗು ಚಾಚಿಕೊಂಡಿದ್ದರಿಂದ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಕೊಟ್ಟಿದ್ದ ವಾಕಿಟಾಕಿ ಆ ಬಂಡೆಯ ಮುಂದೆ ಬರೀ ಕೆಮ್ಮುತ್ತಿತ್ತು. ಮೊಬೈಲಿಗಂತೂ ಅಲ್ಲಿ ಜೀವವೇ ಇಲ್ಲ. ಹಾಗಾಗಿ ಕೋಲಿನ ಪದ್ಧತಿ ಬಂತು. ಮೊಣಕೈ ಉದ್ದದ, ಕೆಂಪು ಬಣ್ಣ ಬಳಿದ ಮರದ ಕೋಲು. ಒಂದು ಕಡೆಯ ಸಾಲು ಬಿಟ್ಟಾಗ ಕೊನೆಯ ಗಾಡಿಯವರ ಕೈಗೆ ಅದನ್ನು ಕೊಡುವುದು, ಅವರು ಆಚೆ ತುದಿಯಲ್ಲಿ ಅದನ್ನು ಒಪ್ಪಿಸುವುದು. ಕೋಲು ಬಂತೆಂದರೆ ರಸ್ತೆ ಖಾಲಿ, ಇನ್ನು ಈ ಕಡೆಯವರು ಹೊರಡಬಹುದು. ಕೋಲು ಬಾರದೆ ಹಸಿರು ಬಾವುಟ ಏಳುವಂತಿಲ್ಲ. ಮಂತ್ರಿ ಬಂದರೂ ಅಷ್ಟೇ, ಮದುಮಗ ಬಂದರೂ ಅಷ್ಟೇ. ಕೆಲಸದವರು ಅದನ್ನು ‘ಯಜಮಾನ’ ಎಂದು ಕರೆಯುತ್ತಿದ್ದರು.

"ಒಬ್ಬ ಯಜಮಾನ ಓಡಿಹೋದ ಅಂತ ಇನ್ನೊಬ್ಬನ್ನ ಕೈಯಲ್ಲೇ ಬಿಗಿಯಾಗಿ ಹಿಡ್ಕೊಂಡು ನಿಂತಿದೀಯಲ್ಲೇ," ಎಂದು ಅವಳ ಅತ್ತೆ ನಗುತ್ತಿದ್ದರು. ಹಾಗೆ ಹಾಸ್ಯ ಮಾಡುವ ಹಕ್ಕು ಅವರೊಬ್ಬರಿಗೇ ಇತ್ತು. ಓಡಿಹೋದವನು ಅವರ ಮಗ.

ಇವಳ ಮಗಳು ಶಾಲೆಯ ಚೀಲಕ್ಕಿಂತ ಚಿಕ್ಕವಳಿದ್ದಾಗಿನ ಮಾತು. ಆಚೆ ದಡಕ್ಕೆ ಕೆಲಸಕ್ಕೆಂದು ಹೋದ ಗಂಡ ಅಲ್ಲಿಯೇ ಇನ್ನೊಂದು ಮನೆ ಮಾಡಿಕೊಂಡ. ವರ್ಷಗಳು ಕಳೆದ ಮೇಲೆ ಒಂದು ಸಂಜೆ, ತರಕಾರಿ ತರಲು ಹೋಗಿದ್ದವನು ಮರಳಿ ಬಂದಂತೆ, ಚೀಲ ಹಿಡಿದು ಬಾಗಿಲಲ್ಲಿ ನಿಂತ. ಅತ್ತೆ ಹೊಸ್ತಿಲ ಮೇಲೆ ಅಡ್ಡ ನಿಂತರು. ಮಗನ ಮುಖ ನೋಡಲಿಲ್ಲ. ಅಡುಗೆಮನೆಯ ಕಡೆ ತಿರುಗಿ ಸೊಸೆಯನ್ನು ಕೇಳಿದರು: "ಇವನು ಬಂದಿದಾನೆ. ಒಳಗೆ ಬಿಡಲಾ, ಬೇಡವಾ? ನೀನು ಹೇಳು."

ಅವಳು ಬೇಡ ಎಂದಳು. ದನಿ ಎಷ್ಟು ಸಣ್ಣದಿತ್ತೆಂದರೆ ತನಗೇ ಸರಿಯಾಗಿ ಕೇಳಿಸಲಿಲ್ಲ. ಅತ್ತೆಗೆ ಕೇಳಿಸಿತು. ಬಾಗಿಲು ಮುಚ್ಚಿಕೊಂಡಿತು.

ಆಮೇಲೆ ಆ ಸಂಜೆಯ ಮಾತು ಆ ಮನೆಯಲ್ಲಿ ಎದ್ದಿರಲಿಲ್ಲ. ಅತ್ತೆ ಮೊಮ್ಮಗಳ ಜಡೆ ಹೆಣೆದರು, ಜ್ವರಕ್ಕೆ ಹಣೆಯ ಮೇಲೆ ಒದ್ದೆ ಬಟ್ಟೆ ಇಟ್ಟರು, ಶಾಲೆಯ ಸಭೆಗಳಲ್ಲಿ ಮುಂದಿನ ಸಾಲಲ್ಲೇ ಕೂತು ನಿದ್ದೆ ಹೊಡೆದರು. ಸೊಸೆ ಜಲ್ಲಿ ಹೊತ್ತಳು, ಡಾಂಬರಿನ ಬಿಸಿಗೆ ಕೈ ಸುಟ್ಟುಕೊಂಡಳು, ಕೊನೆಗೆ ಬಾವುಟ ಹಿಡಿದಳು. ಜಗಳಗಳು ಇರಲಿಲ್ಲವೆಂದಲ್ಲ. ಒದ್ದೆ ಟವೆಲನ್ನು ಕುರ್ಚಿಯ ಮೇಲೆ ಹಾಕಿದ್ದು ಯಾರು ಎಂದು ಎರಡು ದಿನ ಮಾತು ಬಿಟ್ಟದ್ದೂ ಉಂಟು. ಆದರೆ ಅತ್ತೆ ಒಡೆದರೆ ಹಳೆಯ ಮಡಕೆ, ಸೊಸೆ ಒಡೆದರೆ ಹೊಸ ಮಡಕೆ ಎನ್ನುವ ಗಾದೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಯಾರು ಒಡೆದರೂ ಗುಡಿಸುವವರು ಇಬ್ಬರು.

ಈಗ ಮಗಳು ಪೇಟೆಯ ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕೆ ಸೇರಿದ್ದಳು. ಆಚೆ ದಡದಲ್ಲಿದ್ದ ಅತ್ತೆಯ ಅಕ್ಕನಿಗೆ ಕಣ್ಣು ಮಂಜಾಗಿತ್ತು. "ನಾನು ಹೋಗಿ ಅವಳ ಜೊತೆ ಇರ್ತೀನಿ," ಎಂದು ಅತ್ತೆ ಒಂದು ದಿನ ಊಟದ ನಡುವೆ ಹೇಳಿದರು. "ಚಿಕ್ಕವರಿದ್ದಾಗ ಒಂದೇ ಹೊದಿಕೆಗೆ ಕಿತ್ತಾಡ್ತಿದ್ವಿ. ಬಾಕಿ ಜಗಳ ಬೇಕಾದಷ್ಟಿದೆ."

"ವಾಪಸ್ಸು ಬರೋದು?"

"ಜಗಳ ಮುಗಿದ ಮೇಲೆ."

ಸೊಸೆ ನಕ್ಕಿದ್ದಳು. ಅಂದಿನಿಂದ ಅವಳಿಗೆ ಒಂದೇ ಯೋಚನೆ: ಅತ್ತೆ ಹೋಗುವ ಮುಂಚೆ ಒಂದು ಮಾತು ಹೇಳಬೇಕು. ಆ ಬಾಗಿಲ ಮಾತು. ಇಷ್ಟು ವರ್ಷ ಹೇಳದೆ ಉಳಿದದ್ದು. ಗಾಡಿಗಳಿಲ್ಲದಾಗ ಅದನ್ನು ಬಾವುಟಗಳಿಗೆ ಹೇಳಿ ನೋಡುತ್ತಿದ್ದಳು. ಒಮ್ಮೆ ಸಭೆಯ ಭಾಷಣದಂತೆ ಕೇಳುತ್ತಿತ್ತು, ಇನ್ನೊಮ್ಮೆ ಸಾವಿನ ಮನೆಯ ಮಾತಿನಂತೆ. ಎದುರು ಕೂತಾಗ ಅತ್ತೆ "ಏನು ನೋಡ್ತಿದೀಯ, ನನ್ನ ಮುಖದಲ್ಲಿ ಕೋತಿ ಕುಣೀತಿದೆಯಾ?" ಎನ್ನುವರು, ಅಲ್ಲಿಗೆ ಮುಗಿಯುತ್ತಿತ್ತು.

ಹೊರಡುವ ದಿನ ರಜೆ ಸಿಗಲಿಲ್ಲ. ಅವಳ ಬದಲಿಗೆ ನಿಲ್ಲುವವಳಿಗೆ ಜ್ವರ. ಮೇಸ್ತ್ರಿಯನ್ನು ಕೇಳಿದ್ದಕ್ಕೆ ಆತ ತನ್ನ ಅಡ್ಡಹೆಸರು ಉಳಿಸಿಕೊಂಡ. ಎಲ್ಲರೂ ಅವನನ್ನು ಕರೆಯುತ್ತಿದ್ದುದು ಗುಡುಗು ಎಂದು.

"ರಸ್ತೆ ಯಾರು ನೋಡ್ತಾರಮ್ಮಾ? ನಿಮ್ಮತ್ತೆನಾ?"

ಬೆಳಿಗ್ಗೆ ಅತ್ತೆ ಗ್ಯಾಸ್ ಸಿಲಿಂಡರು ಯಾವಾಗ ತೀರುತ್ತದೆ, ಹಿತ್ತಲ ನಲ್ಲಿಯನ್ನು ಯಾವ ಕಡೆ ತಿರುಗಿಸಿದರೆ ಸೋರುವುದಿಲ್ಲ ಎಂದೆಲ್ಲ ಹೇಳುತ್ತಲೇ ಇದ್ದರು. ಸೊಸೆ ಹೆಲ್ಮೆಟ್ ಹುಡುಕುತ್ತಿದ್ದಳು.

"ಹೋಗು, ಹೊತ್ತಾಯ್ತು," ಎಂದರು ಅತ್ತೆ. "ಬಸ್ಸು ನಿನ್ನ ಹತ್ರ ಹೇಗೂ ನಿಲ್ಲುತ್ತಲ್ಲ. ಅಲ್ಲೇ ಸಿಗ್ತೀನಿ."

ಅದು ನಿಜ. ಪೇಟೆಯಿಂದ ಜೆಟ್ಟಿಗೆ ಹೋಗುವ ಬಸ್ಸು ಅವಳ ತುದಿಗೆ ಬರುವ ಹೊತ್ತಿಗೆ ಎದುರು ಕಡೆಯ ಸಾಲು ಬರುತ್ತಿರುತ್ತಿತ್ತು. ಬಸ್ಸು ಯಾವಾಗಲೂ ಕಾಯಬೇಕು. ಡ್ರೈವರು ಇಳಿದು ಬೀಡಿ ಹಚ್ಚುವಷ್ಟು, ಹೆಂಗಸರು ಕಿಟಕಿಯಿಂದ ಅವಳ ಜೊತೆ ಹರಟುವಷ್ಟು ಹೊತ್ತು. ಅಷ್ಟು ಸಾಕು ಎಂದುಕೊಂಡಳು. ಹೇಳಬೇಕಾದ್ದನ್ನು ಆ ಹೊತ್ತಿಗೆ ಸರಿಯಾಗುವಂತೆ ಕತ್ತರಿಸಿ ಚಿಕ್ಕದು ಮಾಡಿ ಇಟ್ಟುಕೊಂಡಳು.

ಆದರೆ ಆ ದಿನ ಎದುರಿನ ಸಾಲು ಬೇಗ ಮುಗಿಯಿತು. ಕೊನೆಯ ಲಾರಿಯವನು ಕೋಲನ್ನು ಅವಳ ಕೈಗೆ ಒಗೆದು ಹೋದ. ಇವಳ ಕಡೆ ಕಾಯುತ್ತಿದ್ದ ಕಾರುಗಳು ಒಂದೊಂದೇ ಜಾರತೊಡಗಿದವು. ಅವುಗಳ ಬಾಲಕ್ಕೇ ಏದುಸಿರು ಬಿಡುತ್ತ ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಿತು. ಅದನ್ನು ನಿಲ್ಲಿಸಲು ಅವಳು ಕೆಂಪು ಎತ್ತಿದ್ದರೆ ಸಾಕಿತ್ತು, ಒಂದೇ ಒಂದು ಗಳಿಗೆ. ಆದರೆ ವರ್ಷದ ಅಭ್ಯಾಸ ಬಿಟ್ಟೀತೆ? ಕೋಲು ಕೈಯಲ್ಲಿದೆ, ರಸ್ತೆ ಖಾಲಿ ಇದೆ. ಅವಳನ್ನು ಕೇಳದೆಯೇ ಅವಳ ಕೈ ಹಸಿರನ್ನು ಎತ್ತಿಬಿಟ್ಟಿತ್ತು. ಡ್ರೈವರಿಗೆ ಖುಷಿಯೋ ಖುಷಿ. ಗೇರು ಬದಲಿಸಿದ.

"ಅಕ್ಕಾ, ಹಿಂದೆ ಯಾರೂ ಇಲ್ಲ! ಯಜಮಾನನ್ನ ಕೊಡಿ!"

ಅವಳು ಡ್ರೈವರಿನ ಕೈಗೆ ಕೊಡಲಿಲ್ಲ. ತೆವಳುತ್ತಿದ್ದ ಬಸ್ಸಿನ ಪಕ್ಕ ಓಡಿದಳು. ಮೂರನೆಯ ಕಿಟಕಿಯಲ್ಲಿ ಅತ್ತೆ, ಎದೆಗೆ ಚೀಲ ಅವುಚಿಕೊಂಡು. ಕೋಲನ್ನು ಅವರ ಕೈಗೆ ತುರುಕಿದಳು. ಕತ್ತರಿಸಿ ಇಟ್ಟುಕೊಂಡಿದ್ದ ಮಾತೆಲ್ಲ ಎಲ್ಲಿ ಹೋಯಿತೋ, ಬಾಯಿಗೆ ಬಂದದ್ದು ಇಷ್ಟೇ:

"ಮೀಸೆಮಾಮನಿಗೆ ಕೊಟ್ಟುಬಿಡಿ ಅತ್ತೆ!"

"ಊಟ ಮಾಡಿದ್ಯಾ?" ಎಂದರು ಅತ್ತೆ.

ಬಸ್ಸು ಗುಡ್ಡದ ಮೂಗಿನ ಹಿಂದೆ ಮರೆಯಾಯಿತು. ಅವಳು ರಸ್ತೆಯ ಮಧ್ಯೆ ನಿಂತೇ ಇದ್ದಳು. ಬಾಯಿಗೆ ಬೀಗ ಬಿದ್ದಿದ್ದರೂ ಪರವಾಗಿರಲಿಲ್ಲ. ಬಾಯಿ ತೆರೆದು ಕೋಲಿನ ಮಾತಾಡಿದೆನಲ್ಲ ಎಂದು ತನ್ನ ಮೇಲೇ ಹೇಸಿಕೆಯಾಯಿತು. ಇಡೀ ಸಂಸಾರವನ್ನು ಹೆಗಲ ಮೇಲೆ ಹೊತ್ತು ದಡ ಸೇರಿಸಿದ ಹೆಂಗಸಿಗೆ, ಹೊರಡುವ ದಿನ, ಒಂದು ಕೆಲಸ ಹೇಳಿ ಕಳಿಸಿದ್ದೆ!

ಕಣ್ಣು ಒರೆಸಿಕೊಂಡು ಕೆಂಪು ಬಾವುಟ ಹಿಡಿದು ನಿಂತಳು. ಇನ್ನು ಮೀಸೆಮಾಮನ ಸರದಿ. ಅವನ ಸಾಲು ಬರಬೇಕು. ಬರಲಿಲ್ಲ. ಅವಳ ಕಡೆ ಒಂದು ಕಾರು ಬಂದು ನಿಂತಿತು, ಆಮೇಲೆ ಮೀನಿನ ವ್ಯಾನು, ಆಮೇಲೆ ಪ್ರವಾಸಿಗಳ ಎರಡು ಗಾಡಿ. ಪ್ರವಾಸಿಗಳು ಇಳಿದು ಕಡಲಿನ ಫೋಟೋ ತೆಗೆದರು, ಕಡಲು ಸಾಕಾದ ಮೇಲೆ ಅವಳ ಫೋಟೋ ತೆಗೆದರು. ಮೀನಿನವನು, "ಅಕ್ಕಾ, ನನ್ನ ಮೀನಿಗೆ ಕಾಯೋ ಅಭ್ಯಾಸ ಇಲ್ಲ," ಎಂದ.

ಕೊನೆಗೆ ಆಚೆ ಕಡೆಯಿಂದ ಬಂದದ್ದು ಒಂದೇ ಸ್ಕೂಟರು. ಅಂಚಿನಲ್ಲಿ ನುಸುಳಿಕೊಂಡು ಬಂದ ಪೋಸ್ಟ್‌ಮ್ಯಾನ್.

"ಬಾವುಟದಕ್ಕಾ, ಬಿಳಿ ಕಾರು ಎಲ್ಲಿ?"

"ಯಾವ ಬಿಳಿ ಕಾರು?"

"ಬಸ್ಸಿನ ಹಿಂದೆ ಬರ್ತಿದ್ದದ್ದು! ಮೀಸೆಮಾಮ ಅಲ್ಲಿ ಕಾದು ಕಾದು ಮೀಸೆ ಕಿತ್ಕೊಳ್ತಿದಾನೆ. ಅವನು ಬಸ್ಸು ನಿಲ್ಲಿಸಿ ಯಜಮಾನ ಎಲ್ಲಿ ಅಂದ್ನಂತೆ. ಅಷ್ಟರಲ್ಲಿ ಕಿಟಕಿಯಿಂದ ಒಬ್ಬರು ವಯಸ್ಸಾದ ಅಮ್ಮ, ‘ಹಿಂದೆ ಬಿಳಿ ಕಾರು ಬರ್ತಿದೆಯಪ್ಪಾ, ಅವರ ಕೈಲಿ ಕೊಟ್ಟಿದಾಳೆ’ ಅಂದ್ರಂತೆ. ಡ್ರೈವರೂ ಹೌದು ಹೌದು ಅಂದ್ನಂತೆ. ಹೋಗ್ಬಿಟ್ರು."

ಬಿಳಿ ಕಾರು ಇರಲಿಲ್ಲ. ಕೋಲಿನ ಪುರಾಣವನ್ನು ದಿನಾ ಸಂಜೆ ಕೇಳಿದವರು ಅತ್ತೆ. ಅದು ಬಾರದಿದ್ದರೆ ರಸ್ತೆ ಹೇಗೆ ಕಟ್ಟಿಹೋಗುತ್ತದೆಂದು ಮೇಸ್ತ್ರಿಗಿಂತ ಚೆನ್ನಾಗಿ ಬಲ್ಲವರು. ಮರೆವಲ್ಲ ಇದು. ಬೇಕೆಂದೇ ಮಾಡಿದ್ದು! ಸಿಟ್ಟು ಬರಬೇಕಾದ ಕಡೆ ನಗು ಬಂತು, ನಗುವಿನ ಬೆನ್ನಿಗೇ ಹೆದರಿಕೆ.

ಅಷ್ಟರಲ್ಲಿ ಬೈಕಿನಲ್ಲಿ ಗುಡುಗು ಬಂದ. ನಡೆದದ್ದನ್ನು ಅವಳೇ ಹೇಳಿದಳು, ಒಂದಕ್ಷರವೂ ಮುಚ್ಚಿಡದೆ. ಮೇಸ್ತ್ರಿ ಗುಡುಗಿದ. ಎರಡೂ ಕಡೆ ಗಾಡಿ ನಿಂತಿವೆ, ಮೇಲಿನವರಿಗೆ ಗೊತ್ತಾದರೆ ತನ್ನ ತಲೆ ಹೋಗುತ್ತದೆ, ಹೆಂಗಸರ ಕೈಗೆ ಕೊಟ್ಟರೆ ಹೀಗೇ ಎಂದ. ಹಾಗೆನ್ನುತ್ತಲೇ ಬೇಲಿಯಿಂದ ಒಂದು ಗೂಟ ಕಿತ್ತು, ಜೇಬಿನ ಕರವಸ್ತ್ರ ಸುತ್ತಿ, ಪೋಸ್ಟ್‌ಮ್ಯಾನನ ಕೈಗಿಟ್ಟ.

"ಹೋಗಿ ಮೀಸೆಗೆ ಇದನ್ನ ಕೊಟ್ಟು ಬಾ. ಇವತ್ತಿಗೆ ಇದೇ ಯಜಮಾನ ಅನ್ನು." ಆಮೇಲೆ ಇವಳ ಕಡೆ ತಿರುಗಿ, "ನೀನೇನು ನೋಡ್ತಾ ನಿಂತಿದೀಯ? ಆ ಕೋಲು ಇಲಾಖೆಯ ಸೊತ್ತು. ಯಾರು ಕೊಟ್ಟರೋ ಅವರೇ ತರಬೇಕು. ಫೆರಿ ಬಿಡೋದ್ರೊಳಗೆ ಹೋಗು."

"ಬಾವುಟ ಯಾರು..."

"ನನಗೇನು ಕೈ ಇಲ್ವಾ?" ಎಂದು ಮೇಸ್ತ್ರಿ ಬಾವುಟಗಳನ್ನು ಕಿತ್ತುಕೊಂಡ. ಅವಳ ಮುಖ ನೋಡದೆ, ಮೀನಿನವನ ಮೇಲೆ ಸುಮ್ಮನೆ ಒಂದು ಸಲ ಗುಡುಗಿದ.

ಅವಳು ಪೋಸ್ಟ್‌ಮ್ಯಾನನ ಹಿಂದೆಯೇ ತನ್ನ ಸ್ಕೂಟರು ಹೊರಡಿಸಿದಳು. ಮೀಸೆಮಾಮನ ತುದಿಯಲ್ಲಿ ಸಾಲುಗಟ್ಟಿದ ಗಾಡಿಗಳನ್ನು ದಾಟುವಾಗ ತಲೆ ತಗ್ಗಿಸಿದಳು. ಆಮೇಲೆ ರಸ್ತೆ ಅವಳೊಬ್ಬಳದೇ ಆಯಿತು. ಗಾಳಿಗೆ ಬಾಗಿದ ಹುಲ್ಲು, ಹುಲ್ಲಿನಾಚೆ ಕಡಲು. ಒಂದು ತಿರುವಿನಲ್ಲಿ ಸೀಸದ ಬಣ್ಣ, ಮುಂದಿನದರಲ್ಲಿ ಗಿಳಿಯ ಬಣ್ಣ. ಉಪ್ಪಿನ ಗದ್ದೆಗಳು ಕನ್ನಡಿಯ ಚೂರುಗಳಂತೆ ಬಿದ್ದಿದ್ದವು. ದೀಪಸ್ತಂಭದ ಬುಡದಲ್ಲಿ ಯಾರೋ ಬಟ್ಟೆ ಒಣಹಾಕಿದ್ದರು. ಏನು ಚೆಂದವಪ್ಪಾ ಇದು ಎಂದು ಅವಳು ಗಟ್ಟಿಯಾಗಿಯೇ ಅಂದಳು. ಈ ದಾರಿಯಲ್ಲಿ ಅವಳು ಹಿಂದೆ ಹೋಗಿರಲಿಲ್ಲವೆಂದಲ್ಲ. ಪ್ರತಿ ಸಲವೂ ಮಡಿಲಲ್ಲಿ ಒಂದು ಮಗುವೋ, ಆಸ್ಪತ್ರೆಯ ಚೀಟಿಯೋ, ಯಾವುದೋ ಕಚೇರಿಯ ಭಯವೋ ಇರುತ್ತಿತ್ತು. ಆಗೆಲ್ಲ ಪಕ್ಕದ ಸೀಟಿನಲ್ಲಿ ಅತ್ತೆಯೂ ಇರುತ್ತಿದ್ದರು.

ಜೆಟ್ಟಿಯಲ್ಲಿ ಫೆರಿ ಬಾಯಿ ತೆರೆದು ನಿಂತು ಒಂದೊಂದೇ ಗಾಡಿಯನ್ನು ನುಂಗುತ್ತಿತ್ತು. ಜನರನ್ನು ಹತ್ತಿಸುವುದು ಕೊನೆಗೆ. ಟಿಕೆಟ್ ಕಿಂಡಿಯ ಎದುರಿನ ಹಾಲ್‌ನಲ್ಲಿ, ಬಣ್ಣ ಎದ್ದ ಬೆಂಚಿನ ಮೇಲೆ, ಅತ್ತೆ ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ನ್ಯಾಯ ಹೇಳುವವರ ಹಾಗೆ ಕೂತಿದ್ದರು. ಆಚೀಚೆಯವರು ಏಕೋ ಸ್ವಲ್ಪ ದೂರವೇ ಕೂತಿದ್ದರು.

"ಬಂದ್ಯಾ. ಕೂತ್ಕೋ."

"ಏನತ್ತೆ ಇದು! ಅಲ್ಲಿ ಎಷ್ಟು ಜನ ಕಾಯ್ತಿದಾರೆ ಗೊತ್ತಾ?"

"ಗೊತ್ತು. ಪಾಪ." ಅತ್ತೆಯ ಮುಖದಲ್ಲಿ ನಿಜವಾಗಿಯೂ ಪಶ್ಚಾತ್ತಾಪವಿತ್ತು. "ಆ ಡ್ರೈವರ್‌ಗೆ ಬಯ್ಬೇಡ. ನಾನೇ ಕಣ್ಣು ಮಿಟುಕಿಸಿದೆ. ಈ ವಯಸ್ಸಲ್ಲಿ ಕಣ್ಣು ಮಿಟುಕಿಸಿದ್ರೆ ಯಾರಾದ್ರೂ ಹೆದರಿ ಹೂಂ ಅಂತಾರೆ."

ಅವಳು ಪಕ್ಕದಲ್ಲಿ ಕೂತಳು. ಹೇಳಬೇಕಾದ್ದನ್ನು ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು. ಬಾಯಿ ತೆರೆದಳು. ಆದರೆ ಅತ್ತೆಯ ಬೆರಳುಗಳು ಕೋಲಿನ ಕೆಂಪು ಬಣ್ಣವನ್ನು ಉಗುರಿನಿಂದ ಕೆರೆಯುತ್ತಿದ್ದವು. ಅವರು ಹಾಗೆ ಏನನ್ನಾದರೂ ಕೆರೆಯುವುದು ಹೆದರಿದಾಗ ಮಾತ್ರ.

"ಬೆಳಿಗ್ಗೆನೇ ಕೇಳೋಣ ಅಂದ್ಕೊಂಡೆ," ಎಂದರು ಅತ್ತೆ. "ಆಗಲಿಲ್ಲ. ಬಸ್ಸಲ್ಲಿ ಕೇಳ್ತೀನಿ ಅಂದ್ಕೊಂಡ್ರೆ ನೀನು ಹಸಿರು ತೋರಿಸ್ಬಿಟ್ಟೆ. ಕೇಳದೆ ಫೆರಿ ಹತ್ತೋಕೆ ಕಾಲು ಬರಲಿಲ್ಲ ಕಣೇ."

"ಏನು ಅತ್ತೆ?"

"ಅವನು ಅಲ್ಲೇ ಇದಾನಂತೆ. ಅಕ್ಕನ ಮನೆಯಿಂದ ಎರಡು ಬೀದಿ ಆಚೆ. ಅವಳು ಹೇಳಿದ್ಲು. ಒಬ್ಬನೇ ಇದಾನಂತೆ ಈಗ. ತಲೆಯೆಲ್ಲ ಬೆಳ್ಳಗಾಗಿದೆಯಂತೆ." ಅತ್ತೆ ಫೆರಿಯ ಕಡೆ ನೋಡುತ್ತ ಹೇಳಿದರು. "ನನಗೆ ಒಂದ್ಸಲ ನೋಡ್ಬೇಕು ಅನ್ನಿಸಿದೆ. ನೀನು ಬೇಡ ಅಂದ್ರೆ ಆ ಬೀದಿಗೆ ಕಾಲಿಡಲ್ಲ. ನೀನು ಹೇಳು."

ಮೊದಲು ಬಂದದ್ದು ಕೋಪವೇ. ಆರಿತೆಂದುಕೊಂಡಿದ್ದ ಕೆಂಡಕ್ಕೆ ಯಾರೋ ಊದಿದ ಹಾಗೆ. ಒಬ್ಬನೇ ಇದ್ದರೆ ಇರಲಿ. ಬೆಳ್ಳಗಾದರೆ ಆಗಲಿ. ನನ್ನ ಕೂದಲೇನು ಕಪ್ಪಗಿದೆಯೇ? ಬಾಯ ತುದಿಗೆ ಬಂದದ್ದನ್ನು ನುಂಗಿ ಅವಳು ಅತ್ತೆಯನ್ನು ನೋಡಿದಳು. ಕತ್ತಿನ ಸುಕ್ಕುಗಳಲ್ಲಿ ಪೌಡರು ಕೂತಿತ್ತು. ಪ್ರಯಾಣಕ್ಕೆಂದು ಹಚ್ಚಿಕೊಂಡದ್ದು. ಅಂದು ಆ ಬಾಗಿಲು ಮುಚ್ಚಿದಾಗ ತಾನು ಒಳಗಿದ್ದೆ, ಬೆಚ್ಚಗೆ. ಅಗುಳಿ ಹಾಕಿದ ಕೈ ಇವರದು. ಅಂದಿನಿಂದ ಪ್ರತಿ ದಿನ ಎದ್ದು ಅದೇ ಅಗುಳಿಯನ್ನು ಮತ್ತೆ ಮತ್ತೆ ಹಾಕುತ್ತಿದ್ದರೇನೋ. ಒಂದು ದಿನವೂ ಕೈ ನೋಯುತ್ತಿದೆ ಅನ್ನಲಿಲ್ಲ. ಮಗನ ಹುಟ್ಟಿದ ದಿನ ಬಂದಾಗ ಏನು ಮಾಡುತ್ತಿದ್ದರು? ತನಗೆ ಗೊತ್ತಿಲ್ಲ. ತಾನು ಕೇಳಿರಲಿಲ್ಲ.

"ಹೋಗಿ ನೋಡಿ ಅತ್ತೆ," ಎಂದಳು.

"ಮನಸ್ಸಿಂದ ಹೇಳು."

"ಮನಸ್ಸಿಂದಲೇ ಹೇಳ್ತಿದೀನಿ. ಇದನ್ನೆಲ್ಲ ನನ್ನ ಕೇಳ್ಬೇಕಾ? ನಿಮ್ಮ ಮಗ."

"ಕೇಳ್ಬೇಕು," ಎಂದರು ಅತ್ತೆ. ಅಷ್ಟೇ.

ಆ ‘ಕೇಳ್ಬೇಕು’ ಅವಳ ಬಾಯಿ ಬಿಡಿಸಿತು. ಬಾವುಟಗಳ ಮುಂದೆ ಎಷ್ಟು ಸಲ ಹೇಳಿ ನೋಡಿದರೂ ಯಾಕೆ ಸರಿಹೋಗುತ್ತಿರಲಿಲ್ಲ ಎಂದು ಈಗ ತಿಳಿಯಿತು. ಇಷ್ಟು ದಿನ ಅವಳು ಹೇಳಲು ಹೊರಟಿದ್ದು ‘ನನಗಾಗಿ ಮಗನನ್ನು ಬಿಟ್ಟಿರಿ’ ಎಂದು. ಅದು ಅತ್ತೆಯ ಗಾಯದ ಮೇಲೆ ಹೂಹಾರ ಹಾಕಿದ ಹಾಗೆ. ಹೇಳಬೇಕಾದದ್ದು ಅದಲ್ಲ.

"ಅತ್ತೆ, ಆ ದಿನ ಬಾಗಿಲಲ್ಲಿ ನೀವು ನನ್ನ ಕೇಳಿದ್ರಿ. ಬಿಡಲಾ ಬೇಡವಾ ಅಂತ. ಅಲ್ಲಿವರೆಗೆ ನನ್ನನ್ನ ಯಾರೂ ಏನೂ ಕೇಳಿರಲಿಲ್ಲ. ಓದು ಬಿಡಿಸುವಾಗ ಕೇಳಲಿಲ್ಲ. ಮದುವೆಗೆ ಕೇಳಲಿಲ್ಲ. ಅವರು ಹೋಗುವಾಗ ಕೇಳಲಿಲ್ಲ. ನೀವು ಕೇಳಿದ್ರಿ. ಅದರ ಮೇಲೆ ನಿಂತು ಇಷ್ಟು ವರ್ಷ ಬದುಕಿದೀನಿ." ಉಸಿರು ಎಳೆದುಕೊಂಡಳು. "ಒಂದು ದಿನವೂ ಹೇಳಲಿಲ್ಲ ನಾನು."

ಅತ್ತೆ ಸೆರಗಿನ ಚುಂಗಿನಿಂದ ಮೂಗು ಒರೆಸಿಕೊಂಡರು.

"ಸರಿ ಸರಿ. ಅಳ್ಬೇಡ. ಜನ ನೋಡ್ತಾರೆ."

"ನಾನೆಲ್ಲಿ ಅಳ್ತಿದೀನಿ? ನೀವು ಅಳ್ತಿರೋದು."

"ನನಗೆ ಉಪ್ಪುಗಾಳಿ ಆಗಲ್ಲ," ಎಂದರು ಅತ್ತೆ. ಹುಟ್ಟಿದಾಗಿನಿಂದ ಆ ಗಾಳಿಯಲ್ಲೇ ಇದ್ದವರು. ಆಮೇಲೆ ಅವಳ ಕೈ ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ಡಾಂಬರಿಗೆ ಸುಟ್ಟ ಹಳೆಯ ಕಲೆಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರು. "ಕೇಳ್ದಾಗ ನನಗೂ ಭಯವಿತ್ತು ಕಣೇ. ನೀನು ಬರಲಿ ಅಂದಿದ್ರೆ ಏನು ಮಾಡ್ತಿದ್ನೋ. ಅವನ ಜೊತೆ ಮತ್ತೆ ಬಾಳೋ ಧೈರ್ಯ ನನಗೂ ಇರಲಿಲ್ಲ. ತಾಯಿ ಹಾಗಂತ ಬಾಯಿಬಿಟ್ಟು ಹೇಳೋಕಾಗುತ್ತಾ? ನೀನು ಹೇಳಿದೆ."

ಕಿಂಡಿಯವನು ಜನರನ್ನು ಕರೆದ. ಇಬ್ಬರೂ ಎದ್ದರು. ಚೀಲವನ್ನು ಅವಳೇ ಹೊತ್ತು ಫೆರಿ ಹತ್ತುವ ಹಲಗೆಯವರೆಗೆ ಬಂದಳು. ಬುತ್ತಿಯ ಡಬ್ಬಿ ಮೇಲೆಯೇ ಇತ್ತು, ಬೆಳಿಗ್ಗೆ ಅವಳೇ ಕಟ್ಟಿದ್ದು.

"ಅವರನ್ನ ನೋಡಿ, ಮಾತಾಡಿಸಿ, ಬೇಕಾದ್ರೆ ನಾಲ್ಕು ಬಯ್ಯಿರಿ," ಎಂದಳು. "ಈ ಬುತ್ತೀಲಿ ಮಾತ್ರ ಪಾಲು ಕೊಡ್ಬೇಡಿ. ಇದು ನಿಮಗೆ ಕಟ್ಟಿದ್ದು."

"ಅಯ್ಯೋ ಜಿಪುಣಿ," ಎಂದು ಅತ್ತೆ ಅವಳ ಕೆನ್ನೆಗೆ ಮೆಲ್ಲಗೆ ತಟ್ಟಿದರು. ಕೋಲನ್ನು ಅವಳ ಕೈಗೆ ಕೊಟ್ಟರು. "ಓಡು. ಆ ಮೇಸ್ತ್ರಿಗೆ ನನ್ನ ಕಡೆಯಿಂದ ತಪ್ಪಾಯ್ತು ಅಂತ ಹೇಳು. ಪುಣ್ಯಾತ್ಮ, ಕಳಿಸಿದ್ನಲ್ಲ."

ಹಲಗೆ ಮೇಲೆದ್ದಿತು. ಫೆರಿ ನೀರನ್ನು ಕಲಕಿ ನೊರೆ ಮಾಡಿ ಹಿಂದೆ ಸರಿಯಿತು. ಅತ್ತೆ ಮೇಲಿನ ಕಟಕಟೆಯ ಹತ್ತಿರ, ಗುಂಪಿನ ನಡುವೆ, ಸೆರಗು ಹಾರದಂತೆ ಹಿಡಿದುಕೊಂಡು ನಿಂತರು. ಅವಳು ಕೈ ಬೀಸಿದಳು. ತಿರುಗಿ ಹೊರಡಬೇಕಿತ್ತು, ಅಲ್ಲಿ ಮೇಸ್ತ್ರಿ ಬಿಸಿಲಲ್ಲಿ ನಿಂತಿದ್ದ. ಎರಡು ಹೆಜ್ಜೆ ಇಟ್ಟವಳು ಮತ್ತೆ ತಿರುಗಿ ಕಟ್ಟೆಯ ಅಂಚಿಗೆ ಓಡಿದಳು.

"ಅತ್ತೇ! ಅವರಿಗೆ ಹೇಳಿ, ಮಗಳು ಚೆನ್ನಾಗಿದಾಳೆ ಅಂತ!"

ಅತ್ತೆ ಕಿವಿಗೆ ಕೈ ಹಚ್ಚಿ, ಏನು ಎಂದು ತಲೆಯಾಡಿಸಿದರು.

"ಮಗಳು ಚೆನ್ನಾಗಿದಾಳೆ! ಕೆಲಸಕ್ಕೆ ಹೋಗ್ತಿದಾಳೆ ಅನ್ನಿ!"

ಜೆಟ್ಟಿಯಲ್ಲಿದ್ದವರೆಲ್ಲ ಅವಳನ್ನು ನೋಡಿದರು. ಕಟಕಟೆಯಲ್ಲಿದ್ದ ಯಾರೋ ಅಪರಿಚಿತ ಹೆಂಗಸೊಬ್ಬಳು ಅತ್ತೆಯ ಕಿವಿಯ ಹತ್ತಿರ ಬಗ್ಗಿ ಆ ಮಾತನ್ನು ತಲುಪಿಸಿದಳು. ಅತ್ತೆ ಕೇಳಿಸಿಕೊಂಡರು. ಸೆರಗು ಹಿಡಿದಿದ್ದ ಕೈ ಬಿಟ್ಟರು, ಸೆರಗು ಗಾಳಿಗೆ ಎದ್ದು ಹಾರಿತು. ಎರಡೂ ಕೈ ಎತ್ತಿ ದೊಡ್ಡದಾಗಿ ಹೂಂ ಹೂಂ ಎಂದು ತಲೆಯಾಡಿಸುತ್ತಲೇ ಇದ್ದರು, ಕಾಣುವಷ್ಟು ದೂರವೂ.